ಎರಡನೇ ಕಂತು ಬರುವ ದಿನ

ಸಂಪಾದಕರಿಗೆ,

ಮಾನ್ಯರೇ,

ಘರ್ಷಣೆ ನಿಂತ ಪ್ರದೇಶಗಳಿಗೆ ಸರ್ಕಾರವೋ ದಾನಿ ಸಂಸ್ಥೆಗಳೋ 'ಜನರೇ ನಿರ್ಧರಿಸಿ ಖರ್ಚು ಮಾಡುವ' ಅನುದಾನ ಘೋಷಿಸಿದಾಗ ಪತ್ರಿಕೆಗಳಲ್ಲಿ ಎರಡು ಸುದ್ದಿ ಬರುತ್ತವೆ. ಘೋಷಣೆಯ ದಿನ ಮೊತ್ತದ ಸುದ್ದಿ, ಮೂರ್ನಾಲ್ಕು ವರ್ಷ ಕಳೆದ ಮೇಲೆ ಹಣ ಪೋಲಾದ ಸುದ್ದಿ. ನಡುವೆ ಏನು ನಡೆಯಿತು ಎಂಬುದು ಅಚ್ಚಾಗುವುದು ಅಪರೂಪ. ಆದರೆ ಜನರ ವಿಶ್ವಾಸ ಕೂಡುವುದೂ ಒಡೆಯುವುದೂ ಆ ನಡುವಿನ ದಿನಗಳಲ್ಲೇ. ಅದರಲ್ಲೂ ಮೊದಲ ಕಂತು ಖರ್ಚಾಗಿ ಎರಡನೇ ಕಂತಿಗಾಗಿ ಊರು ಕಾಯುವ ವಾರಗಳಲ್ಲಿ. ಈ ಕೆಲಸದ ಒಳಹೊರಗನ್ನು ಬಲ್ಲವರಾಗಿ ಆ ವಾರಗಳ ಬಗ್ಗೆ, ಅವುಗಳ ಹಿಂದುಮುಂದಿನ ಸಂಗತಿಗಳ ಬಗ್ಗೆ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ದೀರ್ಘವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರಿಕೆ.

ಈ ಅನುದಾನದ ಹಂದರ ಸರಳ. ಊರಿನವರು ಒಂದು ಸಮಿತಿಯನ್ನು ಆರಿಸುತ್ತಾರೆ. ತಮಗೆ ಬೇಕಾದ ಕೆಲಸ ಯಾವುದೆಂದು ಸಭೆಯಲ್ಲಿ ತೀರ್ಮಾನಿಸುತ್ತಾರೆ. ಹಣ ಸಮಿತಿಯ ಬ್ಯಾಂಕ್ ಖಾತೆಗೆ ಕಂತುಗಳಲ್ಲಿ ಬರುತ್ತದೆ. ಊರಿನವರು ವಂತಿಗೆಯನ್ನೋ ಶ್ರಮವನ್ನೋ ಸೇರಿಸುತ್ತಾರೆ. ಕೆಲಸ ಮುಗಿದ ಮೇಲೆ ಲೆಕ್ಕ ಒಪ್ಪಿಸುತ್ತಾರೆ. ಇಂಡೊನೇಷ್ಯಾ 1998ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿತು. ಪೂರ್ವ ತಿಮೋರ್ 2000ದಲ್ಲಿ, ಅಫ್ಘಾನಿಸ್ತಾನ 2003ರಲ್ಲಿ ಇದೇ ದಾರಿ ಹಿಡಿದವು. ಅಫ್ಘಾನಿಸ್ತಾನದಲ್ಲಿ ಕುಟುಂಬವೊಂದಕ್ಕೆ 200 ಡಾಲರ್ ಲೆಕ್ಕದಲ್ಲಿ, ಒಂದು ಊರಿಗೆ ಹೆಚ್ಚೆಂದರೆ 60,000 ಡಾಲರ್ ಕೊಡಲಾಗುತ್ತಿತ್ತು. ಕೆಲಸದ ವೆಚ್ಚದ ಶೇ 10ರಷ್ಟನ್ನು ಊರೇ ಹೊರಬೇಕಿತ್ತು.

ಆ ಅಫ್ಘನ್ ಯೋಜನೆಯನ್ನು 10 ಜಿಲ್ಲೆಗಳ 500 ಹಳ್ಳಿಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. ಅರ್ಧದಷ್ಟು ಹಳ್ಳಿಗಳಿಗೆ ಮೊದಲು ಅನುದಾನ, ಉಳಿದವಕ್ಕೆ ಆಮೇಲೆ. ಕುಡಿಯುವ ನೀರು ಮತ್ತು ವಿದ್ಯುತ್ತಿನ ಕೆಲಸಗಳು ಫಲ ಕೊಟ್ಟವು. ನೀರಾವರಿ ಮತ್ತು ರಸ್ತೆ ಕೆಲಸಗಳಿಂದ ಅಷ್ಟು ಪ್ರಯೋಜನ ಕಾಣಲಿಲ್ಲ. ಹೆಂಗಸರು ಊರಿನ ವ್ಯವಹಾರದಲ್ಲಿ ಪಾಲ್ಗೊಳ್ಳುವುದು ಹೆಚ್ಚಿತು. ಸರ್ಕಾರದ ಬಗ್ಗೆ ಜನರ ಅಭಿಪ್ರಾಯ ಕೆಲಸ ನಡೆಯುತ್ತಿದ್ದಾಗ ಚೆನ್ನಾಗಿ ಸುಧಾರಿಸಿತು. ಹಣ ಮುಗಿದ ಮೇಲೆ ಆ ಒಲವು ಬಹುಮಟ್ಟಿಗೆ ಕರಗಿತು. ಇದನ್ನು ಹಲವರು 'ಯೋಜನೆ ಸೋತಿತು' ಎಂದು ಓದುತ್ತಾರೆ. ನಮಗೆ ಕಾಣುವುದು ಬೇರೆ. ಹಿಂಸೆಯನ್ನು ಕಂಡ ಜನ ಭರವಸೆಯನ್ನು ಮುಂಗಡವಾಗಿ ಕೊಡುವುದಿಲ್ಲ. ಹೇಳಿದ ಮಾತು ಹೇಳಿದ ದಿನಕ್ಕೆ ನಡೆದಷ್ಟು ಕಾಲ, ನಡೆದಷ್ಟು ಮಟ್ಟಿಗೆ ಮಾತ್ರ ಕೊಡುತ್ತಾರೆ. ಹಾಗಾಗಿ ಯೋಜನೆ ರೂಪಿಸುವವರು ಮೊತ್ತಕ್ಕಿಂತ ಮೊದಲು ದಿನಾಂಕಗಳನ್ನು ಯೋಚಿಸಬೇಕು.

ಎರಡನೇ ಕಂತು ಯಾಕೆ ತಡವಾಗುತ್ತದೆ ಎನ್ನುವುದು ಒಳಗಿನವರಿಗೆಲ್ಲ ಗೊತ್ತು. ಸಮಿತಿ ಮೊದಲ ಕಂತಿನ ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಎಂಜಿನಿಯರ್ ಬಂದು, ಆದ ಕೆಲಸವನ್ನು ಅಳೆದು ಅಳತೆ ಪುಸ್ತಕ ಬರೆಯಬೇಕು. ಒಬ್ಬ ಎಂಜಿನಿಯರಿಗೆ 40 ಊರು ಹಂಚಿದ್ದರೆ ಆತ ಒಂದೂರಿಗೆ ಎರಡು ತಿಂಗಳಿಗೊಮ್ಮೆ ಬರುತ್ತಾನೆ. ಬಂದ ದಿನ ಒಂದು ವೋಚರಿಗೆ ಸಹಿ ಇಲ್ಲವೆಂದರೆ ಕಡತ ಮತ್ತೆ ಹಿಂದಕ್ಕೆ. ಅಷ್ಟರಲ್ಲಿ ಆರ್ಥಿಕ ವರ್ಷ ಮುಗಿದು ಖಾತೆಯೇ ಸ್ಥಗಿತ. ಈ ಎಲ್ಲದರ ನಡುವೆ ಮಳೆ ಶುರುವಾಗುತ್ತದೆ. ಮೊದಲ ಕಂತಿನಲ್ಲಿ ತಂದಿಟ್ಟ ಸಿಮೆಂಟ್ ಮೂರು ತಿಂಗಳು ಕೂತರೆ ಸುಮಾರು ಐದನೇ ಒಂದು ಪಾಲು ಬಲ ಕಳೆದುಕೊಳ್ಳುತ್ತದೆ. ಒದ್ದೆ ನೆಲದ ಮೇಲಿಟ್ಟಿದ್ದರೆ ಗಟ್ಟಿಯಾಗಿ ಎಸೆಯಬೇಕಾಗುತ್ತದೆ. ಅರ್ಧ ಎದ್ದ ಗೋಡೆ ಊರಿನ ನಡುವೆ ನಿಂತಿರುತ್ತದೆ. ಅದನ್ನು ನೋಡುತ್ತ ಒಂದು ಗುಂಪು 'ದುಡ್ಡು ಅವರು ತಿಂದರು' ಅನ್ನುತ್ತದೆ, ಇನ್ನೊಂದು ಗುಂಪು 'ಸರ್ಕಾರ ನಮ್ಮನ್ನು ಮತ್ತೆ ಕೈಬಿಟ್ಟಿತು' ಅನ್ನುತ್ತದೆ. ಎರಡೂ ಸುಳ್ಳಿರಬಹುದು. ಆದರೆ ನಿಜವಾದ ಕಾರಣವನ್ನು ಯಾರೂ ಹೇಳದಿದ್ದಾಗ ಜನ ಹಳೆಯ ಗಾಯದಿಂದಲೇ ಕಾರಣ ಹುಡುಕಿಕೊಳ್ಳುತ್ತಾರೆ.

ಪರಿಹಾರ ಇದೆ, ದುಬಾರಿಯೂ ಅಲ್ಲ. ಒಪ್ಪಂದ ಪತ್ರದಲ್ಲೇ ಅಳತೆಯ ದಿನಾಂಕ ಬರೆಯಬೇಕು: ಮೊದಲ ಕಂತು ಖಾತೆಗೆ ಬಿದ್ದ 45ನೇ ದಿನ ಅಳತೆ, 60ನೇ ದಿನದೊಳಗೆ ಎರಡನೇ ಕಂತು. ಎಂಜಿನಿಯರ್ ಆ ದಿನ ಬಾರದಿದ್ದರೆ ಸಮಿತಿಯ ಠರಾವು, ಕೆಲಸದ ಮೂರು ಬದಿಯಿಂದ ತೆಗೆದ ಫೋಟೊ ಮತ್ತು ದಾಸ್ತಾನು ವಹಿಯ ನಕಲಿನ ಮೇಲೆ ಕಂತು ಬಿಡುಗಡೆ ಮಾಡಬೇಕು. ಪೂರ್ತಿ ಅಳತೆ ಕೊನೆಯ ಕಂತಿಗೆ ಮೊದಲು ಆಗಲಿ. ಕಂತುಗಳನ್ನು 40, 40, 20ರ ಪ್ರಮಾಣದಲ್ಲಿ ಇಟ್ಟರೆ ಕೊನೆಯ 20 ಸಾಕಷ್ಟು ಹಿಡಿತ ಕೊಡುತ್ತದೆ. ಮೊದಲ ಕಂತು ಶೇ 20 ಮಾತ್ರ ಎಂದಿಟ್ಟರೆ ಅಡಿಪಾಯಕ್ಕೇ ಸಾಲದೆ ಸಮಿತಿ ಅಂಗಡಿಯವರಲ್ಲಿ ಸಾಲ ಮಾಡುತ್ತದೆ. ಸಾಲ ಕೊಟ್ಟವನು ಯಾವ ಪಕ್ಷದವನು ಎನ್ನುವುದು ಘರ್ಷಣೆಯ ಊರಿನಲ್ಲಿ ಸಣ್ಣ ಪ್ರಶ್ನೆ ಅಲ್ಲ. ಅಂದಾಜು ಪಟ್ಟಿಯಲ್ಲಿ ಶೇ 10 ದರ ಏರಿಕೆಗೆ ಮೀಸಲಿಡುವುದನ್ನೂ ಮರೆಯಬಾರದು. ದಾರಿಗಳು ಆಗತಾನೆ ತೆರೆದ ಪ್ರದೇಶದಲ್ಲಿ ಮರಳು, ಕಬ್ಬಿಣದ ಸಾಗಣೆ ದರ ವಾರದಿಂದ ವಾರಕ್ಕೆ ಬದಲಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಕಂತು ತಡವಾದರೆ ಕಾರಣವನ್ನು ಮೂರು ದಿನದೊಳಗೆ ಊರಿನ ಫಲಕದ ಮೇಲೆ ಬರೆದು, ತಡಕ್ಕೆ ಕಾರಣವಾದ ಕಚೇರಿಯ ಅಧಿಕಾರಿಯೊಬ್ಬರು ಸಹಿ ಹಾಕಬೇಕು. ತಡವನ್ನು ಜನ ಸಹಿಸುತ್ತಾರೆ. ಮೌನವನ್ನು ಸಹಿಸುವುದಿಲ್ಲ.

ಇನ್ನು ಹಣ ಬರುವುದಕ್ಕೆ ಮೊದಲಿನ ಕೆಲಸ. ಇದಕ್ಕೆ ಎರಡರಿಂದ ನಾಲ್ಕು ತಿಂಗಳು ಬೇಕು. ಆದರೆ ಆರ್ಥಿಕ ವರ್ಷದ ಒತ್ತಡದಲ್ಲಿ ಇದನ್ನೇ ಎರಡು ವಾರಕ್ಕೆ ಮುಗಿಸುತ್ತಾರೆ. ಮೊದಲು ಮನೆಪಟ್ಟಿ. ಈಗ ಇರುವವರ ಜೊತೆಗೆ ಊರು ಬಿಟ್ಟು ಹೋದವರು, ಮರಳಿ ಬಂದವರು, ಬೇರೆ ಕಡೆಯಿಂದ ಬಂದು ನೆಲೆಸಿದವರು, ಆಯುಧ ಕೆಳಗಿಟ್ಟು ಬಂದವರು, ಗಂಡ ಕಾಣೆಯಾದ ಹೆಂಗಸರು, ಎಲ್ಲರೂ ಪಟ್ಟಿಯಲ್ಲಿರಬೇಕು. ಕಾಣೆಯಾದವನ ಹೆಂಡತಿಯನ್ನು 'ವಿಧವೆ' ಎಂದು ಬರೆದರೆ ಆಕೆ ಒಪ್ಪದಿರಬಹುದು. 'ಗಂಡ ಮನೆಯಲ್ಲಿದ್ದಾನೆ' ಎಂದರೆ ಆಕೆಗೆ ಏನೂ ಸಿಗುವುದಿಲ್ಲ. ಅದಕ್ಕೊಂದು ಪ್ರತ್ಯೇಕ ಕಲಂ ಇರಲೇಬೇಕು. ಮನೆಯ ಎಣಿಕೆಯನ್ನು ಓಣಿವಾರು ಹತ್ತು ದಿನ ಹೊರಗೆ ಅಂಟಿಸಿ ಆಕ್ಷೇಪ ಕರೆಯಬೇಕು. ಯಾರು ಯಾವ ಕಡೆಯಲ್ಲಿ ಹೋರಾಡಿದವರು, ಯಾರಿಗೆ ಏನು ಹಿಂಸೆಯಾಯಿತು ಎಂಬ ವಿವರ ಮಾತ್ರ ಯಾವ ಕಾರಣಕ್ಕೂ ಗೋಡೆಯ ಮೇಲೆ ಬರಬಾರದು. ಅಂಥ ಪಟ್ಟಿ ಕೈ ಬದಲಾದರೆ ಜೀವ ಹೋಗುತ್ತದೆ.

ಆಮೇಲೆ ಜಮೀನು. ಕೆಲಸಗಳು ನಿಂತುಹೋಗುವ ಕಾರಣಗಳಲ್ಲಿ ಹಣದ ನಂತರದ ಸ್ಥಾನ ಇದಕ್ಕೇ. ಖಾಲಿ ಬಿದ್ದ ಜಾಗ ಕಂಡು ಸಮಿತಿ ಅಲ್ಲಿ ಶಾಲೆಯ ಕೊಠಡಿ ಕಟ್ಟಲು ಹೊರಡುತ್ತದೆ. ಆ ಜಾಗ ಖಾಲಿ ಇರುವುದು ಅದರ ಯಜಮಾನ ಓಡಿಹೋಗಿದ್ದರಿಂದ. ಗೋಡೆ ಏಳುವ ಹೊತ್ತಿಗೆ ಆತ ಪತ್ರ ಹಿಡಿದು ಬರುತ್ತಾನೆ, ಹಳೆಯ ಬೆಂಕಿ ಮತ್ತೆ ಹೊಗೆಯಾಡುತ್ತದೆ. ಹಾಗಾಗಿ ಗುದ್ದಲಿ ಹಾಕುವ ಮೊದಲು ಚೆಕ್ಕುಬಂದಿಯ ನಾಲ್ಕೂ ಕಡೆಯವರ ಲಿಖಿತ ಒಪ್ಪಿಗೆ, ಕಂದಾಯ ದಾಖಲೆಯ ನಕಲು, ಹಾಗೂ ಊರು ಬಿಟ್ಟವರು ಈಗ ಇರುವ ಶಿಬಿರಗಳಲ್ಲಿ 30 ದಿನದ ಪ್ರಕಟಣೆ, ಈ ಮೂರೂ ಆಗಬೇಕು. ದಾಖಲೆ ಕಚೇರಿಯೇ ಸುಟ್ಟುಹೋಗಿದ್ದರೆ ಆ ಕೆಲಸವನ್ನು ಸಾರ್ವಜನಿಕ ರಸ್ತೆಯ ಅಂಚಿಗೋ ಹಳೆಯ ಕಟ್ಟಡದ ದುರಸ್ತಿಗೋ ಬದಲಾಯಿಸುವುದು ಲೇಸು.

ಸಭೆ ಎಲ್ಲಿ, ಯಾವಾಗ ಎಂಬುದೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಒಂದು ಪಂಗಡದ ಪೂಜಾಸ್ಥಳದ ಅಂಗಳ, ಹಿಂದೆ ಸೈನ್ಯದ ಠಾಣೆಯಾಗಿದ್ದ ಶಾಲೆ, ಊರ ಮುಖಂಡನ ಮನೆ, ಇವು ಮೂರೂ ಬೇಡ. ದೂರದ ಕೇರಿಯವರು ಕತ್ತಲಾಗುವ ಮೊದಲು ಮನೆ ಸೇರುವಂತೆ ಸಭೆ ಮುಗಿಯಬೇಕು. ಹೆಂಗಸರ ಸಭೆ ಪ್ರತ್ಯೇಕವಾಗಿ ಮೊದಲೇ ಆಗಿ, ಅಲ್ಲಿ ಬಂದ ಬೇಡಿಕೆಗಳು ಅವರದೇ ಕ್ರಮದಲ್ಲಿ ದೊಡ್ಡ ಸಭೆಗೆ ಬರಬೇಕು. 'ಎಲ್ಲರೂ ಒಪ್ಪಿದರು' ಎಂದು ನಡಾವಳಿಯಲ್ಲಿ ಬರೆದಿದ್ದರೆ ನಾವು ಅದನ್ನು ಅನುಮಾನದಿಂದಲೇ ಓದುತ್ತೇವೆ. ನಿನ್ನೆ ಮೊನ್ನೆವರೆಗೆ ಒಬ್ಬರಿಗೊಬ್ಬರು ಹೆದರುತ್ತಿದ್ದವರು ಒಂದೇ ಸಭೆಯಲ್ಲಿ ಒಮ್ಮತಕ್ಕೆ ಬಂದರೆ, ಸಾಮಾನ್ಯವಾಗಿ ಅದರ ಅರ್ಥ ಕೆಲವರು ಬಾಯಿ ಬಿಡಲಿಲ್ಲ ಎಂದೇ.

ಇದಕ್ಕೆ ಗುಪ್ತ ಮತದಾನ ಮದ್ದು. ಅಫ್ಘನ್ ಹಳ್ಳಿಗಳಲ್ಲೇ ಇದನ್ನು ಹೋಲಿಸಿ ನೋಡಿದ್ದಾರೆ: ಕೆಲವು ಊರುಗಳಲ್ಲಿ ಸಭೆ ಸೇರಿ ಚರ್ಚಿಸಿ ಕೆಲಸ ಆರಿಸಿದರು, ಉಳಿದವುಗಳಲ್ಲಿ ಊರವರೆಲ್ಲ ಗುಪ್ತ ಮತ ಹಾಕಿದರು. ಮತ ಹಾಕಿದ ಕಡೆ ಊರ ಗಣ್ಯರ ಪ್ರಭಾವ ಕಡಿಮೆಯಾಯಿತು. ಅಕ್ಷರ ಬಾರದವರಿಗೆ ಚಿತ್ರವಿರುವ ಚೀಟಿ ಅಥವಾ ಚಿತ್ರ ಅಂಟಿಸಿದ ಡಬ್ಬಿಗಳಿಗೆ ಕಾಳು ಹಾಕುವ ವಿಧಾನ ಸಾಕು. ಡಬ್ಬಿಗಳು ಮರೆಯಲ್ಲಿರಬೇಕು, ಕಾಳು ಬಿದ್ದ ಸದ್ದು ಹೊರಗೆ ಕೇಳದಂತೆ ಒಳಗೆ ಬಟ್ಟೆ ಹಾಸಬೇಕು. ಸಣ್ಣ ವಿಷಯ ಅನ್ನಿಸಬಹುದು. ಯಾವ ಡಬ್ಬಿಯಿಂದ ಸದ್ದು ಬಂತು ಎಂದು ಹೊರಗೆ ನಿಂತವನಿಗೆ ತಿಳಿದರೆ ಗುಪ್ತತೆ ಅಲ್ಲಿಗೇ ಮುಗಿಯಿತು. ಪ್ರತಿ ಆಯ್ಕೆಯ ಪಕ್ಕ ಅದರ ಅಂದಾಜು ವೆಚ್ಚ, ಎಷ್ಟು ಮನೆಗೆ ಉಪಯೋಗ, ವರ್ಷಕ್ಕೆ ನಿರ್ವಹಣೆಗೆ ಎಷ್ಟು ಬೇಕು ಎಂಬ ಮೂರು ಅಂಕಿಗಳಿರಬೇಕು. ನಿರ್ವಹಣೆಯ ಅಂಕಿ ಕಂಡ ಕೂಡಲೇ ಜನ ಎಷ್ಟೋ ಸಲ ದೊಡ್ಡ ಸಭಾಭವನ ಬಿಟ್ಟು ಕೈಪಂಪಿನ ದುರಸ್ತಿ ಆರಿಸುತ್ತಾರೆ.

ಬ್ಯಾಂಕ್ ಖಾತೆಗೆ ಮೂವರ ಸಹಿ, ಅವರಲ್ಲಿ ಇಬ್ಬರಾದರೂ ಸಹಿ ಹಾಕಿದರೆ ಹಣ ಎಂಬ ಏರ್ಪಾಡು ಸಾಮಾನ್ಯ. ಇದರಲ್ಲೊಂದು ರಂಧ್ರವಿದೆ. ಮೂವರಲ್ಲಿ ಇಬ್ಬರು ಒಂದೇ ಕಡೆಯವರಾದರೆ ಮೂರನೆಯವರ ಸಹಿ ಎಂದೂ ಬೇಕಾಗುವುದಿಲ್ಲ. ಎರಡು ಕಡೆಯಿಂದ ತಲಾ ಒಬ್ಬರ ಸಹಿ ಕಡ್ಡಾಯ ಎಂದು ಬ್ಯಾಂಕಿಗೆ ಕೊಡುವ ಠರಾವಿನಲ್ಲೇ ಬರೆಯಬೇಕು. ಒಬ್ಬರು ಮುನಿಸಿಕೊಂಡು ಸಹಿ ತಡೆದರೆ ಏನು? ಏಳು ದಿನದಲ್ಲಿ ಸಭೆ ಕರೆದು ಕಾರಣ ಕೇಳಬೇಕು, ಕಾರಣ ನಡಾವಳಿಗೆ ಹೋಗಬೇಕು. ಆ ಸಭೆ ಬಿಸಿಯಾಗಿಯೇ ನಡೆಯುತ್ತದೆ. ನಡೆಯಲಿ. ಬಂದೂಕಿನ ಬದಲು ವೋಚರಿನ ಮೇಲೆ ಜಗಳವಾಡುವುದನ್ನು ಕಲಿಯುವುದೇ ಈ ಅನುದಾನದ ನಿಜವಾದ ದುಡಿಮೆ ಎಂದು ನಾವು ನಂಬಿದ್ದೇವೆ.

ಕಳ್ಳತನದ ವಿಷಯಕ್ಕೆ ಬರೋಣ. 'ಜನರೇ ಕಣ್ಣಿಟ್ಟರೆ ಹಣ ಸೋರುವುದಿಲ್ಲ' ಎಂಬ ಮಾತು ಅರ್ಧ ನಿಜ. ಇಂಡೊನೇಷ್ಯಾದ ಯೋಜನೆಯಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕೆಲಸಗಳನ್ನು ಪರೀಕ್ಷಿಸಿದರು. ಎಂಜಿನಿಯರುಗಳು ರಸ್ತೆಯನ್ನೇ ಅಗೆದು ತುಣುಕು ತೆಗೆದು, ಹಾಕಿದ ಸಾಮಗ್ರಿ ಎಷ್ಟು, ಲೆಕ್ಕದಲ್ಲಿ ತೋರಿಸಿದ್ದು ಎಷ್ಟು ಎಂದು ತಾಳೆ ನೋಡಿದರು. ಸರ್ಕಾರಿ ಲೆಕ್ಕ ಪರಿಶೋಧನೆ ನಡೆಯುವ ಸಾಧ್ಯತೆಯನ್ನು ಶೇ 4ರಿಂದ ಶೇ 100ಕ್ಕೆ ಏರಿಸಿ, ಅದನ್ನು ಮುಂಚಿತವಾಗಿಯೇ ತಿಳಿಸಿದ ಊರುಗಳಲ್ಲಿ ಕಾಣೆಯಾದ ಹಣದ ಪ್ರಮಾಣ ಸುಮಾರು 8 ಶೇಕಡಾ ಅಂಶ ಇಳಿಯಿತು. ಲೆಕ್ಕ ಒಪ್ಪಿಸುವ ಸಭೆಗೆ ಹೆಚ್ಚು ಜನರನ್ನು ಕರೆದ ಊರುಗಳಲ್ಲಿ ಕೂಲಿ ಹಣದ ಸೋರಿಕೆ ಕಡಿಮೆಯಾಯಿತು, ಸಾಮಗ್ರಿಯ ಸೋರಿಕೆ ಹಾಗೇ ಉಳಿಯಿತು. ಕಾರಣ ಊಹಿಸುವುದು ಕಷ್ಟವಲ್ಲ. ತನ್ನ ಕೂಲಿ ಎಷ್ಟು ಕಡಿಮೆ ಬಂತು ಎಂದು ಪ್ರತಿಯೊಬ್ಬರಿಗೂ ಗೊತ್ತಾಗುತ್ತದೆ. ರಸ್ತೆಯ ಅಡಿಯಲ್ಲಿ ಜಲ್ಲಿ ನಾಲ್ಕು ಇಂಚು ಇದೆಯೋ ಆರು ಇಂಚು ಇದೆಯೋ ಅಗೆಯದೆ ಗೊತ್ತಾಗುವುದಿಲ್ಲ.

ಹಾಗಾಗಿ ಕೆಲಸ ಹಂಚಿಕೊಳ್ಳಬೇಕು. ಹಾಜರಿ ಪಟ್ಟಿಯನ್ನು ಪ್ರತಿ ವಾರ ಕೆಲಸದ ಜಾಗದಲ್ಲೇ ಓದಿ ಹೇಳುವುದು ಊರಿನವರ ಕೆಲಸ. ಸಾಮಗ್ರಿಯ ಅಳತೆ ಹೊರಗಿನ ತಾಂತ್ರಿಕ ಪರಿಶೋಧಕರ ಕೆಲಸ, ಅದೂ ಪ್ರತಿ ಊರಿನಲ್ಲಿ, ಮುಂಚೆಯೇ ಸಾರಿ ಹೇಳಿ. ಇವೆರಡನ್ನು ಬೆಸೆಯಲು ಒಂದು ಚಿಕ್ಕ ಉಪಾಯವಿದೆ. ಫಲಕದಲ್ಲಿ ಹಣದ ಅಂಕಿಗಳ ಜೊತೆ ವಸ್ತುವಿನ ಅಂಕಿಗಳನ್ನೂ ಬರೆಯುವುದು: ಸಿಮೆಂಟ್ ಇಷ್ಟು ಚೀಲ, ಕಬ್ಬಿಣ ಇಷ್ಟು ಕಿಲೊ, ಮರಳು ಇಷ್ಟು ಲೋಡು, ಬಂದ ದಿನ, ಇಳಿಸಿಕೊಂಡವರ ಸಹಿ. ಲಕ್ಷಗಳ ಲೆಕ್ಕ ತಲೆಗೆ ಹೋಗದವರೂ ಚೀಲ ಎಣಿಸಬಲ್ಲರು. ಚೀಲ ಎಣಿಸಿದ ಮೇಲೆ ಅವರು ಪ್ರಶ್ನೆ ಕೇಳಬಲ್ಲರು. ಫಲಕ ಚಾಕ್‌ಪೀಸಿನದಾಗಬಾರದು, ಮಳೆಗೋ ಅಂಗೈಗೋ ಅಳಿಸಿಹೋಗುತ್ತದೆ. ಬಣ್ಣದಲ್ಲಿ ಬರೆದು, ತಿದ್ದಿದರೆ ಹಳೆಯದಕ್ಕೆ ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಬೇಕು.

ದೂರಿನ ಪೆಟ್ಟಿಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 'ಈ ತಾಲ್ಲೂಕಿನಲ್ಲಿ ಒಂದೂ ದೂರು ಬಂದಿಲ್ಲ' ಎಂದು ವರದಿಗಳಲ್ಲಿ ಹೆಮ್ಮೆಯಿಂದ ಬರೆಯುತ್ತಾರೆ. ಶೂನ್ಯ ದೂರು ಎಂದರೆ ಪೆಟ್ಟಿಗೆ ಸತ್ತಿದೆ. ಮೊದಲ ಆರು ತಿಂಗಳಲ್ಲಿ ದೂರು ಏರುತ್ತಾ ಹೋದರೆ ಅದು ಆರೋಗ್ಯದ ಲಕ್ಷಣ. ಹೇಳಿದರೆ ಹೊಡೆತ ಬೀಳುವುದಿಲ್ಲ ಎಂದು ಜನರಿಗೆ ಅನ್ನಿಸತೊಡಗಿದೆ ಎಂದರ್ಥ. ಆಮೇಲೆ ಇಳಿಯಬೇಕು. ಪೆಟ್ಟಿಗೆಯನ್ನು ತಿಂಗಳಿಗೆ ಎರಡು ಸಲ ಮೂವರ ಎದುರು ತೆರೆದು, ಕ್ರಮಸಂಖ್ಯೆ ಕೊಟ್ಟು, 15 ದಿನದೊಳಗೆ ಉತ್ತರವನ್ನು ಅದೇ ಸಂಖ್ಯೆಯ ಕೆಳಗೆ ಫಲಕದಲ್ಲಿ ಹಾಕಬೇಕು. ದೂರು ಕೊಟ್ಟವರ ಹೆಸರಿನ ಅಗತ್ಯವಿಲ್ಲ. ಪೆಟ್ಟಿಗೆಯ ಜೊತೆಗೆ ಜಿಲ್ಲೆಯ ಹೊರಗೆ ಉತ್ತರಿಸುವ ಒಂದು ಫೋನ್ ಸಂಖ್ಯೆ ಇರಬೇಕು. ಸಮಿತಿಯವರಿಂದಲೋ ಸಿಬ್ಬಂದಿಯಿಂದಲೋ ಲೈಂಗಿಕ ಶೋಷಣೆಯಾದರೆ ಹೇಳಿಕೊಳ್ಳಲು ಬೇರೆಯದೇ ದಾರಿ, ಮಹಿಳೆಯೇ ಕರೆ ಸ್ವೀಕರಿಸುವ ಏರ್ಪಾಡು ಬೇಕು. ಆ ದೂರು ಯಾವ ಕಾರಣಕ್ಕೂ ಊರ ಪೆಟ್ಟಿಗೆಗೆ ಬೀಳಬಾರದು.

ಪರಿಹಾರಧನದ ಕಥೆ ಬೇರೆ, ಅದನ್ನು ಸಮುದಾಯ ಅನುದಾನದೊಂದಿಗೆ ಬೆರೆಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಡೊನೇಷ್ಯಾದ ಆಚೆ (Aceh) ಎಂಬ ಪ್ರಾಂತ್ಯವೇ ಪಾಠ. ಅಲ್ಲಿನ ಬಂಡುಕೋರರಿಗೂ ಸರ್ಕಾರಕ್ಕೂ 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದವಾಯಿತು. ಮರುವರ್ಷ 1,724 ಹಳ್ಳಿಗಳಿಗೆ ಘರ್ಷಣೆಯ ಸಂತ್ರಸ್ತರಿಗೆಂದು ಸಮುದಾಯ ಅನುದಾನ ಹೋಯಿತು. ಸಂತ್ರಸ್ತರು ಯಾರು, ಹಣ ಯಾವುದಕ್ಕೆ ಎಂದು ಊರೇ ತೀರ್ಮಾನಿಸಬೇಕಿತ್ತು. ಹೆಚ್ಚಿನ ಹಣ ಮನೆಮನೆಗೆ ಹಂಚಿಕೆಯಾಯಿತು. ಬಡವರ, ಸಂತ್ರಸ್ತರ ಬದುಕು ಖಂಡಿತ ಸುಧಾರಿಸಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಊರೊಳಗಿನ ಒಗ್ಗಟ್ಟು ಹೆಚ್ಚಿದ ಕುರುಹು ಮೌಲ್ಯಮಾಪನದಲ್ಲಿ ಸಿಗಲಿಲ್ಲ. ಮಾಜಿ ಹೋರಾಟಗಾರರನ್ನು ಒಪ್ಪಿಕೊಳ್ಳುವ ಮನಸ್ಸು ಸಂತ್ರಸ್ತರಲ್ಲಿ ತುಸು ಕುಗ್ಗಿದ್ದೂ ಕಂಡುಬಂತು. ಯಾರಿಗೆ ಎಷ್ಟು ನೋವಾಯಿತು ಎಂದು ತೂಗುವ ಕೆಲಸವನ್ನು ನೆರೆಹೊರೆಯವರ ಮೇಲೆ ಹೊರಿಸಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಪರಿಹಾರ ರಾಜ್ಯದ ಹೊಣೆ. ಅದಕ್ಕೆ ಪ್ರತ್ಯೇಕ ಕಾನೂನು, ಪ್ರತ್ಯೇಕ ಪಟ್ಟಿ, ಮೇಲ್ಮನವಿಗೆ ಅವಕಾಶ ಬೇಕು. ಸಮುದಾಯ ಅನುದಾನ ಎರಡೂ ಕಡೆಯವರು ಒಂದೇ ನಲ್ಲಿಯಲ್ಲಿ ನೀರು ಹಿಡಿಯುವಂಥ ಕೆಲಸಕ್ಕೆ ಇರಲಿ.

ರಾಜಿ ಸಭೆಗಳಿಗೆ ಹಣ ಕೊಡುವವರೂ ಒಂದು ಮಾತು ಗಮನಿಸಬೇಕು. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿನ 200 ಹಳ್ಳಿಗಳಲ್ಲಿ, ಕೆಲವು ಕಡೆ ಬಲಿಯಾದವರೂ ಹಿಂಸಿಸಿದವರೂ ಊರಿನೆದುರು ಮಾತಾಡುವ ಸಭೆಗಳನ್ನು ಏರ್ಪಡಿಸಿ, ಅದರ ಪರಿಣಾಮ ಅಳೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕ್ಷಮೆ ಹೆಚ್ಚಿತು, ಮಾಜಿ ಹೋರಾಟಗಾರರ ಮೇಲಿನ ನಂಬಿಕೆ ಹೆಚ್ಚಿತು, ಊರ ಕೆಲಸಕ್ಕೆ ಜನ ಹೆಚ್ಚು ಕೈಜೋಡಿಸಿದರು. ಅದೇ ಹೊತ್ತಿಗೆ ಖಿನ್ನತೆ, ಆತಂಕ, ಆಘಾತದ ಲಕ್ಷಣಗಳೂ ಹೆಚ್ಚಿದವು. ಹಳೆಯ ಗಾಯ ಕೆದಕಿ ಮನೆಗೆ ಕಳಿಸಿದರೆ ರಾತ್ರಿ ಅದರೊಂದಿಗೆ ಒದ್ದಾಡುವವರು ಅವರೇ. ಅಂಥ ಸಭೆಗೆ ಅನುದಾನ ಬೇಡುವ ಅರ್ಜಿಯಲ್ಲಿ ಮುಂದಿನ ಒಂದು ವರ್ಷದ ಆಪ್ತಸಮಾಲೋಚನೆಯ ವೆಚ್ಚ ಇಲ್ಲದಿದ್ದರೆ ಅರ್ಜಿಯನ್ನು ವಾಪಸ್ ಕಳಿಸಬೇಕು.

ಅದೇ ದೇಶದ ಇನ್ನೊಂದು ಪ್ರಯೋಗವನ್ನೂ ಹೇಳಲೇಬೇಕು, ಏಕೆಂದರೆ ಅದು ನಮ್ಮಂಥವರ ಉತ್ಸಾಹಕ್ಕೆ ಕಡಿವಾಣ. 118 ಊರುಗಳಿಗೆ ತಲಾ 4,667 ಡಾಲರ್ ಅನುದಾನ ಕೊಟ್ಟು, ಕೊಡದ 118 ಊರುಗಳೊಂದಿಗೆ ಹೋಲಿಸಿದರು. ಯೋಜನೆ ಮುಗಿದ ಮೇಲೆ 'ನಿಮಗೆ ವಿಶ್ವಾಸ ಹೆಚ್ಚಿತೆ' ಎಂದು ಬರೀ ಪ್ರಶ್ನೆ ಕೇಳಿ ಸುಮ್ಮನಾಗಲಿಲ್ಲ. ಎಲ್ಲ ಊರುಗಳಿಗೂ ಒಂದು ದೊಡ್ಡ ಟಾರ್ಪಾಲು ಕೊಟ್ಟು ಬಂದು, ಅದನ್ನು ಯಾರು ಸೇರಿ ತೀರ್ಮಾನಿಸಿ, ಹೇಗೆ ಬಳಸಿದರು ಎಂದು ನೋಡಿದರು. ಅನುದಾನ ಪಡೆದ ಊರುಗಳಲ್ಲಿ ಕಟ್ಟಡ, ಕಣ, ಶೌಚಾಲಯ ಚೆನ್ನಾಗಿದ್ದವು. ಆದರೆ ಟಾರ್ಪಾಲಿನ ತೀರ್ಮಾನದಲ್ಲಿ ಹೆಂಗಸರೂ ಯುವಕರೂ ಅನುದಾನ ಸಿಗದ ಊರುಗಳಲ್ಲಿದ್ದವರಿಗಿಂತ ಹೆಚ್ಚು ಬಾಯಿ ಬಿಡಲಿಲ್ಲ. ಅಂದರೆ ಯೋಜನೆಯ ನಿಯಮ ಇದ್ದಷ್ಟು ದಿನ ನಡೆದ ರೂಢಿ, ನಿಯಮ ಹೋದ ಮೇಲೆ ತಾನಾಗಿ ಉಳಿಯಲಿಲ್ಲ.

ಇದರಿಂದ ನಾವು ಎರಡು ತೀರ್ಮಾನಕ್ಕೆ ಬಂದಿದ್ದೇವೆ. ಒಂದು, ಒಂದೇ ಬಾರಿಯ ಅನುದಾನ ಸಾಲದು. ಚಿಕ್ಕ ಮೊತ್ತವಾದರೂ ನಾಲ್ಕೈದು ವರ್ಷ, ಪ್ರತಿ ವರ್ಷ ಅದೇ ತಿಂಗಳಿನಲ್ಲಿ ಬರಬೇಕು; ರೂಢಿ ಬೀಳುವುದು ಪುನರಾವರ್ತನೆಯಿಂದ. ಮೊದಲ ವರ್ಷದ ಕೆಲಸ 90 ದಿನದಲ್ಲಿ ಮುಗಿಯುವಂಥದ್ದಾಗಿರಲಿ. ಎರಡು, ಸಮಿತಿಯನ್ನು ಊರಿನ ಹಳೆಯ ಆಡಳಿತದ ಪಕ್ಕದಲ್ಲಿ ಅನಾಥವಾಗಿ ಬಿಡಬಾರದು. ಪೂರ್ವ ತಿಮೋರ್‌ನಲ್ಲಿ ಪ್ರತಿ ಕೇರಿಯಿಂದ ಒಬ್ಬ ಗಂಡಸು, ಒಬ್ಬ ಹೆಂಗಸು ಇರುವ ಹೊಸ ಮಂಡಳಿಗಳು ಬಂದವು, ಊರ ಮುಖ್ಯಸ್ಥರು ಹೊರಗುಳಿದರು, ಇಬ್ಬರ ನಡುವೆ ತಿಕ್ಕಾಟ ಹುಟ್ಟಿತು. ಅಫ್ಘಾನಿಸ್ತಾನದಲ್ಲಿ 2011ರಲ್ಲಿ ಗೋಧಿ ಹಂಚಿದಾಗಲೂ ಇಂಥದೇ ತೊಡಕು: ಹೊಸ ಸಮಿತಿಯೂ ಹಳೆಯ ಹಿರಿಯರೂ ಇರುವ ಊರಿನಲ್ಲಿ ಯಾರ ಅಧಿಕಾರ ಎಲ್ಲಿಯವರೆಗೆ ಎಂದು ಸ್ಪಷ್ಟವಿಲ್ಲದಿದ್ದರೆ ಹಂಚಿಕೆ ಕೆಡುತ್ತದೆ ಎಂಬುದು ಕಂಡುಬಂತು. ಸಮಿತಿಯ ಅವಧಿ, ಅಧಿಕಾರ, ಅದು ಮುಗಿದ ಮೇಲೆ ನಡಾವಳಿ ಪುಸ್ತಕ, ನಗದು ಪುಸ್ತಕ, ದಾಸ್ತಾನು ವಹಿ ಯಾವ ಸ್ಥಳೀಯ ಸಂಸ್ಥೆಗೆ ಹೋಗುತ್ತವೆ ಎಂಬುದನ್ನು ಮೊದಲ ದಿನವೇ ಲಿಖಿತವಾಗಿ ತೀರ್ಮಾನಿಸಬೇಕು. ಉತ್ತರ ಐರ್ಲೆಂಡಿನಲ್ಲಿ 1990ರ ದಶಕದ ಶಾಂತಿ ನಿಧಿಗಾಗಿ ರಚಿಸಿದ ಜಿಲ್ಲಾ ಪಾಲುದಾರಿಕೆಗಳಲ್ಲಿ ಚುನಾಯಿತ ಕೌನ್ಸಿಲರುಗಳಿಗೂ, ಸಮುದಾಯ ಸಂಘಟನೆಗಳಿಗೂ, ಉದ್ಯಮ ಮತ್ತು ಕಾರ್ಮಿಕ ಸಂಘಗಳಿಗೂ ಪಾಲು ಕೊಟ್ಟದ್ದು ಈ ದೃಷ್ಟಿಯಿಂದ ವಿವೇಕದ ಏರ್ಪಾಡು. ಚುನಾಯಿತರು ಒಳಗೇ ಇದ್ದರು, ಆದರೆ ಅವರೊಬ್ಬರದೇ ಕೈ ಮೇಲಾಗುವಂತಿರಲಿಲ್ಲ.

ಆಯುಧ ಹಿಡಿದವರು ಇನ್ನೂ ಸುಳಿದಾಡುವ ಕಡೆ ಅನುದಾನ ಹೇಗೆ ನಡೆಸುವುದು? ನಗದು ಊರಿಗೆ ಹೋಗಬಾರದು. ಸಾಮಗ್ರಿ ಪೂರೈಸಿದವರಿಗೆ ನೇರವಾಗಿ ಬ್ಯಾಂಕ್ ಪಾವತಿ. ಲಾರಿಗೆ 'ದಾರಿ ತೆರಿಗೆ' ಕೇಳಿದರೆ ಕೆಲಸ ನಿಲ್ಲಿಸುವ ನಿಯಮ ಮುಂಚೆಯೇ ಬರೆದಿರಬೇಕು, ನಿಲ್ಲಿಸುವ ತೀರ್ಮಾನ ಊರಿನ ಸಮಿತಿಯ ತಲೆಗೆ ಬರದೆ ಹೊರಗಿನ ಕಚೇರಿಯ ಹೆಸರಿನಲ್ಲಿರಬೇಕು. ಇಲ್ಲದಿದ್ದರೆ ಬೆದರಿಕೆ ಬರುವುದು ಸಮಿತಿಯ ಖಜಾಂಚಿಯ ಮನೆಗೆ. ಬೆದರಿಕೆ ಇರುವ ಕಡೆ ಫಲಕದಲ್ಲಿ ವ್ಯಕ್ತಿಗಳ ಹೆಸರು ಬೇಡ, ಹುದ್ದೆ ಸಾಕು. ಫಲಕದ ಮೇಲೆ ದಾನಿಗಳ ದೊಡ್ಡ ಲಾಂಛನ ಬೇಕೇ ಎಂಬುದನ್ನೂ ಊರಿನವರನ್ನೇ ಕೇಳಿ ನಿರ್ಧರಿಸಬೇಕು.

ಇಷ್ಟೆಲ್ಲ ನಡೆಸುವವರು ಊರೂರು ತಿರುಗುವ ಕ್ಷೇತ್ರ ಸಂಯೋಜಕರು. ಒಬ್ಬರಿಗೆ ಎಂಟು ಹತ್ತು ಊರಿಗಿಂತ ಹೆಚ್ಚು ಕೊಟ್ಟರೆ ಅವರು ಸಭೆ ನಡೆಸುವುದನ್ನು ಬಿಟ್ಟು ಸಹಿ ಸಂಗ್ರಹಿಸತೊಡಗುತ್ತಾರೆ. ವೆಚ್ಚ ಕಡಿತ ಎಂದಾಗ ಮೊದಲು ಕತ್ತರಿ ಬೀಳುವುದು ಇವರ ಸಂಬಳಕ್ಕೇ, 'ಹಣವೆಲ್ಲ ಜನರಿಗೇ ಹೋಗಲಿ' ಎಂಬ ಚೆಂದದ ಮಾತಿನ ಹೆಸರಿನಲ್ಲಿ. ಜಗಳ ಬಿಡಿಸಲು, ಹೆಂಗಸರ ಸಭೆ ಕೂಡಿಸಲು, ಅಳತೆಯ ದಿನ ಎಂಜಿನಿಯರನ್ನು ಕರೆತರಲು ಆಮೇಲೆ ಯಾರೂ ಇರುವುದಿಲ್ಲ. ಒಂದೇ ಪಂಗಡದ ಸಂಯೋಜಕರನ್ನು ಒಂಟಿಯಾಗಿ ಕಳಿಸುವ ಬದಲು ಎರಡೂ ಕಡೆಯ ಇಬ್ಬರನ್ನು ಜೋಡಿಯಾಗಿ ಕಳಿಸಿದರೆ ವೆಚ್ಚ ಹೆಚ್ಚುತ್ತದೆ, ನಿಜ. ಅವರಿಬ್ಬರು ಒಂದೇ ಬೈಕಿನಲ್ಲಿ ಬಂದಿಳಿಯುವುದನ್ನು ಊರು ನೋಡುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ ತಮ್ಮ ವರದಿಗಾರರಲ್ಲಿ ಒಂದು ವಿನಂತಿ. ಇಂಥ ಅನುದಾನದ ಉದ್ಘಾಟನೆಗೆ ಹೋದಾಗ ಒಟ್ಟು ಮೊತ್ತದ ಜೊತೆಗೆ ಮೂರು ದಿನಾಂಕಗಳನ್ನು ಕೇಳಿ ಬರೆದುಕೊಳ್ಳಲಿ: ಎರಡನೇ ಕಂತು ಯಾವ ದಿನ ಬರಬೇಕು, ಸಾಮಗ್ರಿಯ ಅಳತೆ ಯಾವ ದಿನ, ಲೆಕ್ಕ ಊರಿನೆದುರು ಓದುವುದು ಯಾವ ದಿನ. ಆ ಮೂರೂ ದಿನಗಳಂದು ಊರಿಗೆ ಹೋಗಿ ಫಲಕದ ಚಿತ್ರ ತೆಗೆದು ಪ್ರಕಟಿಸಲಿ. ದಿನಾಂಕ ಹೇಳಲಾಗದ ಅಧಿಕಾರಿ ಸಿಕ್ಕರೆ ಅದನ್ನೂ ಬರೆಯಲಿ.

ಇಂತಿ,
ಸಮುದಾಯ ಅನುದಾನ ಕ್ಷೇತ್ರದ ಕಾರ್ಯಕರ್ತರು